ನಾಲ್ಕನೇ ಶಾಫ್ಟನ್ನು ಯಾರೂ ತೆರೆದಿಲ್ಲ

ಏಪ್ರಿಲ್ 34, 2143
ಕೆಂಗಲ್ಲುಗುಡ್ಡೆ

ಪೂಂಗೊಡಿ ಪಾಟಿಯವರಿಗೆ,

ತಾರೀಖು ತಪ್ಪಾಗಿ ಬರೆದಿಲ್ಲ. ಮೇ ತಿಂಗಳ ಬಿಸಿಲಿಗೆ ಇಲ್ಲಿ ಕಚೇರಿಗಳೆಲ್ಲ ಬಾಗಿಲು ಹಾಕುತ್ತವೆ. ಅದಕ್ಕೇ ಆ ತಿಂಗಳ ಮೊದಲ ವಾರವನ್ನು ಏಪ್ರಿಲ್‌ಗೆ ಹೊಲಿದುಬಿಟ್ಟಿದ್ದಾರೆ. ನಾನು ಯಾಳಿನಿ, ನಿಮ್ಮ ಮರಿಮಗಳ ಮಗಳು; ಅಜ್ಜಿ ಎನ್ನದೆ ಪಾಟಿ ಎನ್ನುವುದು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ತಮಿಳೆಷ್ಟು, ಕನ್ನಡವೆಷ್ಟು ಎಂದು ಬಿಡಿಸಲು ಈಗ ಯಾರಿಗೂ ಬಾರದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಮೂರು ನೋಟ್‌ಬುಕ್ಕುಗಳಿಂದ ಮತ್ತು ನಲವತ್ತೊಂದು ಅರ್ಜಿಗಳಿಂದ. ಆ ಅರ್ಜಿಗಳಲ್ಲಿ ಕೊನೆಯದನ್ನು ನೀವಿನ್ನೂ ಬರೆದಿಲ್ಲ. ನಡುನಡುವೆ 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಬಂದುಬಿಟ್ಟರೆ ಮನ್ನಿಸಿ. ಇದು ಹಿಂದೋಲೆ, ಎಂದರೆ ತೀರಿಹೋದವರಿಗೆ ಅವರ ಕಾಲಕ್ಕೇ ಕಳಿಸುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಒಂದು. ತಲುಪುತ್ತದೆ ಎಂದು ಖಾತ್ರಿ ಕೊಡುವುದಿಲ್ಲ, ಆದರೂ ಆರು ತಾಸು ಸಾಲಿನಲ್ಲಿ ನಿಲ್ಲಿಸುತ್ತಾರೆ.

ನನಗೆ ಸಿಟ್ಟು ಬಂದಿದೆ ಪಾಟಿ. ನಿಮ್ಮ ಮೇಲೂ ಸ್ವಲ್ಪ.

ನಮ್ಮವರೆಗೆ ಏನು ಉಳಿದು ಬಂದಿದೆ ಎಂದು ತಿಳಿಯಲಿ, ಅದಕ್ಕೆ ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. 1952ರಲ್ಲಿ ನಿಮ್ಮ ತಾತ ಮಾಣಿಕ್ಕಂ ಚಿನ್ನದ ಗಣಿಯ ನಾಲ್ಕನೇ ಶಾಫ್ಟಿಗೆ ಇಳಿದರು. ಅಂದು ಮಧ್ಯಾಹ್ನ ಒಳಗೆ ಬಂಡೆ ಕುಸಿಯಿತು. ಕಂಪನಿಯವರು ಎರಡು ದಿನ ಅಗೆದಂತೆ ಮಾಡಿ, ಶಾಫ್ಟಿನ ಬಾಯಿಗೆ ಕಾಂಕ್ರೀಟ್ ಸುರಿದರು. ಹಾಜರಿ ಪುಸ್ತಕದಲ್ಲಿ ತಾತನ ಹೆಸರಿನ ಮುಂದೆ 'ಸತ್ತ' ಎಂದು ಬರೆಯಲಿಲ್ಲ, 'ಕೆಲಸ ಬಿಟ್ಟು ಓಡಿಹೋದ' ಎಂದು ಬರೆದರು. ಲೈನ್ ಮನೆ ಖಾಲಿ ಮಾಡಿಸಲು ಬಂದ ಗುಮಾಸ್ತ ನಿಮ್ಮ ಅಜ್ಜಿ ಅಂಜಲೈಗೆ, "ಓಡಿಹೋದವನ ಹೆಂಡ್ತಿಗೆ ಕಂಪನಿ ಮನೆ ಯಾಕಮ್ಮಾ?" ಎಂದನಂತೆ. ಆಕೆ ಹತ್ತು ತಿಂಗಳ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ, "ಓಡಿಹೋಗೋನು ಚಪ್ಲಿ ಬಿಟ್ಟು ಹೋಗ್ತಾನಾ ಸಾಮಿ? ಶಾಫ್ಟ್ ಬಾಯಲ್ಲೇ ಐತೆ, ಬಂದು ನೋಡಿ" ಎಂದಳು. ಅವನು ನೋಡಲು ಹೋಗಲಿಲ್ಲ.

ಆ ಮಗು ನಿಮ್ಮ ಅಪ್ಪ ಏಳುಮಲೈ. ಓಡಿಹೋದವನ ಮಗ ಎನಿಸಿಕೊಂಡೇ ಶಾಲೆ ಕಲಿತರು, ಓಡಿಹೋದವನ ಮಗ ಎನಿಸಿಕೊಂಡೇ ಮದುವೆಯಾದರು. ಮೂವತ್ತು ವರ್ಷ ಕಚೇರಿಗಳನ್ನು ಸುತ್ತಿದರು, ಅವರ ನಂತರ ನೀವು. ಇಬ್ಬರೂ ಕೇಳಿದ್ದು ಎರಡೇ: ಆ ಮಾತನ್ನು ಹೊಡೆದುಹಾಕಿ, ಶಾಫ್ಟ್ ತೆರೆದು ಮೂಳೆಗಳನ್ನು ಕೊಡಿ.

ಈಗ, ನಿಮ್ಮ 2026ರ ಆಗಸ್ಟಿನಲ್ಲಿ, ಚೆನ್ನೈಯಿಂದ ಮುಗಿಲನ್ ಎಂಬ ನಿರ್ದೇಶಕರು ತಾತನ ಕಥೆಯನ್ನು ಸಿನಿಮಾ ಮಾಡಲು ನಿಮ್ಮಲ್ಲಿಗೆ ಬಂದು ಹೋಗುತ್ತಿದ್ದಾರೆ. ಅವರ ಸಿನಿಮಾ ನಿಜಕ್ಕೂ ಚೆನ್ನಾಗಿ ಬರುತ್ತದೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಜನ ಹಾರೆ ಹಿಡಿದು ಶಾಫ್ಟ್ ತೆರೆಯುತ್ತಾರೆ, ತಾತನ ಮೂಳೆಗಳು ಮೇಲೆ ಬರುತ್ತವೆ, ತಮಟೆ ಬಡಿದು ಮಣ್ಣು ಮಾಡುತ್ತಾರೆ. ಹಾಗೆ ಆಗಿಲ್ಲವಲ್ಲ ಎಂದು ನೀವು ಕೇಳಿದ್ದಕ್ಕೆ ಅವರು, "ಅಮ್ಮಾ, ಎರಡೂವರೆ ಗಂಟೆ ಅತ್ತವರನ್ನ ಬರಿಗೈಲಿ ಮನೆಗೆ ಕಳಿಸೋಕಾಗಲ್ಲ" ಎಂದರೆಂದು ಬರೆದಿಟ್ಟಿದ್ದೀರಿ. ಅದರ ಕೆಳಗೆ, 'ಸಿನಿಮಾದಲ್ಲಾದರೂ ತಾತ ಮೇಲೆ ಬರಲಿ.' ಇದಕ್ಕೆ ನಿಮ್ಮನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹನ್ನೊಂದು ಸಲ ನೋಡಿದ್ದೇನೆ, ಹನ್ನೊಂದು ಸಲವೂ ಅತ್ತಿದ್ದೇನೆ.

ಆದರೆ ಸಿನಿಮಾ ಬಿಡುಗಡೆಯಾದ ಮೇಲೆ ಆದದ್ದು ಕೇಳಿ. ನಿಮ್ಮ ನಲವತ್ತೊಂದನೇ ಅರ್ಜಿ ಎರಡೇ ವಾರದಲ್ಲಿ ವಾಪಸು ಬರುತ್ತದೆ: 'ಅರ್ಜಿದಾರರ ಕುಟುಂಬಕ್ಕೆ ಈಗಾಗಲೇ ನ್ಯಾಯ ದೊರೆತಿರುವುದರಿಂದ ಮುಕ್ತಾಯಗೊಳಿಸಿದೆ.' ಅಲ್ಲಿಗೆ ನೀವೂ ಪೆನ್ನು ಕೆಳಗಿಡುತ್ತೀರಿ. ಬೀದಿಯವರು ಸಿಹಿ ಹಂಚುತ್ತಾರೆ. ಚಿತ್ರೀಕರಣಕ್ಕೆಂದು ಕಟ್ಟಿದ ಸಮಾಧಿ ಸ್ಮಶಾನದಲ್ಲೇ ಉಳಿಯುತ್ತದೆ. ನಮ್ಮವರು ವರ್ಷವರ್ಷವೂ ಅದಕ್ಕೆ ಸಿಮೆಂಟು ಮೆತ್ತಿ, ಸುಣ್ಣ ಬಳಿದು, ಹೂ ಇಟ್ಟರು. ನನ್ನ ಅಮ್ಮನೂ ಇಟ್ಟಳು. ನನಗೆ ಹತ್ತು ವರ್ಷವಿದ್ದಾಗ ಒಂದು ಮೇಕೆ ಅದರ ಮೇಲೆ ಹಾರಿತು, ಮೇಲ್ಭಾಗ ಕುಸಿಯಿತು. ಒಳಗೆ ಇದ್ದದ್ದು ಬಿದಿರಿನ ತುಂಡು, ಗೋಣಿಪಟ್ಟೆ, ಥರ್ಮಾಕೋಲ್. ಅಮ್ಮ ಗೋಣಿಪಟ್ಟೆ ಎತ್ತಿ ನೋಡಿ, "ಇಷ್ಟು ವರ್ಷ ಯಾರಿಗೆ ಕೈ ಮುಗಿದ್ವಿ ಯಾಳಿನಿ?" ಎಂದಳು. ಆ ವಾರವೇ ನೋಟ್‌ಬುಕ್ಕು, ಅರ್ಜಿಗಳಿದ್ದ ನಿಮ್ಮ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆವು.

ಈಗ ನನಗೆ ನಲವತ್ತೈದು. ಹಳೆಯ ಗಣಿಗಳಿಗೆಲ್ಲ ನಗರದ ಕಸ ತುಂಬಲು ಆಜ್ಞೆಯಾಗಿದೆ. ತುಂಬುಗಾಡಿಗಳು, ಅವಕ್ಕೆ ಚಾಲಕರಿಲ್ಲ, ಮೂರು ಶಾಫ್ಟ್ ಮುಗಿಸಿ, ಕಾಂಕ್ರೀಟಿಗೆ ತೂತು ಕೊರೆದು ಸುರಿಯಲು ನಾಲ್ಕನೆಯದರ ಹತ್ತಿರ ಬಂದಿವೆ. ನಾನು ಸಾಕ್ಷಿಮನೆಗೆ ಹೋದೆ. ಅಲ್ಲಿ ಹಳೆಯ ಕಾಗದ, ಚಿತ್ರ, ಧ್ವನಿ ಎಲ್ಲವನ್ನೂ ಒಂದು ಯಂತ್ರದಲ್ಲಿ ಸುರಿದು, ಹಿಂದೆ ಏನಾಯಿತು ಎಂದು ತೀರ್ಮಾನಿಸುತ್ತಾರೆ. ಅಧಿಕಾರಿ ಒಳ್ಳೆಯವರೇ, ಕುಡಿಯಲು ತಮ್ಮ ಪಾಲಿನ ನೀರು ಕೊಟ್ಟರು. "ಇದು ಮುಗಿದ ವಿಷಯ ಅಲ್ವೇನಮ್ಮಾ? ಮೂಳೆ ತೆಗೆದದ್ದನ್ನ ನಾನೇ ನೋಡಿ ಅತ್ತಿದೀನಿ."

"ಅದು ಸಿನಿಮಾ ಸಾರ್."

"ಇರಬಹುದು. ನಿಮ್ಮ ಹತ್ರ ಇರೋದು ಅರ್ಜಿ. ಅರ್ಜಿ ಅಂದ್ರೆ ಕೇಳಿದ್ದು, ಆಗಿದ್ದಲ್ಲ. ಅವತ್ತು ಕಣ್ಣಾರೆ ಕಂಡವರ ಹೇಳಿಕೆ, ಸಹಿ ಸಮೇತ ಒಂದಿದ್ರೆ ಬೇರೆ ಮಾತು."

ಮೇಜು ಗುದ್ದಿ ಎದ್ದು ಬಂದೆ. ಗುದ್ದಿದ್ದರಿಂದ ಏನೂ ಆಗಲಿಲ್ಲ, ಕೈ ಊದಿತು. ಮರುದಿನ ಬೆಳಿಗ್ಗೆ ಶಾಫ್ಟಿನ ಕಾಂಕ್ರೀಟಿನ ಮೇಲೆ ಹೋಗಿ ಕೂತೆ. ಮನುಷ್ಯರಿದ್ದರೆ ತುಂಬುಗಾಡಿ ಮುಂದೆ ಬರುವುದಿಲ್ಲ, ಅಷ್ಟು ಕಲಿಸಿದ್ದಾರೆ ಅದಕ್ಕೆ. ಹನ್ನೊಂದು ಗಾಡಿ ಸಾಲಾಗಿ ನಿಂತವು. ಆರನೇ ದಿನ, ಅಂಗಾಲು ಬೊಬ್ಬೆಯೆದ್ದು ನಿಲ್ಲಲಾರದೆ ಇದ್ದಾಗ, ತೊಂಬತ್ತು ದಿನದ ತಡೆ ಕೊಟ್ಟರು. ಅಷ್ಟರಲ್ಲಿ ಸಾಕ್ಷಿ ತಂದರೆ ಅಗೆಯುತ್ತಾರೆ. ತರದಿದ್ದರೆ ತುಂಬುತ್ತಾರೆ.

ಸಿನಿಮಾದ ಕೊನೆ ಬದಲಿಸಿ ಎಂದು ಕೇಳೋಣವೆಂದುಕೊಂಡೆ. ಬೇಡ, ಸಿನಿಮಾ ಮುಗಿಲನ್ ಅವರದು. ನಾನು ಕೇಳುವುದು ನಿಮ್ಮಿಂದಲೇ ಆಗುವ ಕೆಲಸ. ಅಂದು ಆಳುಗಳನ್ನು ಶಾಫ್ಟಿನೊಳಗೆ ಒಯ್ಯುವ ಕೇಜನ್ನು ಇಳಿಸಲು ಗಂಟೆ ಬಾರಿಸಿದವರು ಸೂಸೈರಾಜ್. ಮಾಣಿಕ್ಕಂ ಇಳಿದದ್ದನ್ನು ಅವರು ಕಂಡಿದ್ದಾರೆ, ಮೇಲೆ ಬಾರದ್ದನ್ನೂ ಕಂಡಿದ್ದಾರೆ. ನಿಮ್ಮ ಎರಡನೇ ನೋಟ್‌ಬುಕ್ಕಿನಲ್ಲಿ ಅದು ಒಂದೇ ಸಾಲಿನಲ್ಲಿದೆ. ಹೇಳಿಕೆ ಬರೆಸಿಕೊಂಡಿಲ್ಲ, ಸಹಿ ಹಾಕಿಸಿಲ್ಲ. ಯಾಕೆ ಪಾಟಿ? ನಾಳೆ ಹೋದರಾಯಿತು ಎಂದುಕೊಂಡಿರಾ? ನಿಮ್ಮ ಬೀದಿಯ ಕೊನೆಯ ಮನೆ ಅವರದು, ವಯಸ್ಸು ತೊಂಬತ್ತನಾಲ್ಕು. ನಿಮಗೆ ಬರುವ ತಿಂಗಳು, ಸೆಪ್ಟೆಂಬರ್ ಒಂಬತ್ತರಂದು ಮಣ್ಣು ಮಾಡಿದರೆಂದು ಚರ್ಚಿನ ಪುಸ್ತಕದಲ್ಲಿದೆ.

ಈ ಕಾಗದ ಕೈಗೆ ಬಂದ ದಿನವೇ ಹೊರಡಿ. ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋಗಿ, ಅವರ ಸಹಿಯೂ ಇರಲಿ. ಹೇಳಿಕೆಯನ್ನು ನೋಟ್‌ಬುಕ್ಕುಗಳ ಜೊತೆ ಪೆಟ್ಟಿಗೆಯಲ್ಲಿಡಿ, ನನ್ನ ಕೈಗೆ ಬರುತ್ತದೆ. ಸೂಸೈರಾಜ್ ಅವರಿಗೆ ಕಿವಿ ಮಂದವಂತೆ. ಜೋರಾಗಿ ಕೇಳಿ.

ನಿಮ್ಮ,
ಯಾಳಿನಿ