ಆರನೇ ಹಾಸಿಗೆಯ ಸೂರ್ಯಕಾಂತಮ್ಮ

ವಿಶಾಖಪಟ್ಟಣ
೧೪ ಜೂನ್ ೨೦೨೪, ಶುಕ್ರವಾರ

ಅಮ್ಮಾ,

ವಿಜಯವಾಡದ ಬಿಸಿಲಿಗೆ ಬೈಯುತ್ತಲೇ ಗವರ್ನರ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ನನ್ನ ಮದುವೆಗೆ ಸೀರೆ ಆರಿಸುತ್ತಿರುವ ನಿನಗೆ, ಈ ಮೊಂಡು ಮಗಳ ನಮಸ್ಕಾರ. ಫೋನಿನಲ್ಲಿ ಹೇಳಹೊರಟರೆ, ಆದದ್ದು ಆಯಿತು, ಬಾಯಿ ಬಿಡಬೇಡ ಎಂದು ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಸೂರ್ಯಕಾಂತಮ್ಮನವರ ವಿಷಯ ನಿನಗೆ ಅರ್ಧವೇ ಗೊತ್ತು. ವಾಂತಿಭೇದಿಯಾಗಿ ಅನಕಾಪಲ್ಲಿಯಿಂದ ನಮ್ಮ ವಾರ್ಡಿಗೆ ಬಂದಿದ್ದರು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಒಮ್ಮೆಲೇ ಹೋದರೆ ಹೃದಯ ನಿಲ್ಲಿಸುವ ಔಷಧವದು, ಸಲೈನಿಗೆ ಸೇರಿಸಿ ನಿಧಾನವಾಗಿ ಕೊಡಲು ಡಾಕ್ಟರು ಬರೆದಿದ್ದರು. ಔಷಧ ಹಾಕಿದ ಬಾಟಲಿಯನ್ನು ಹಲವು ಸಲ ಮೇಲೆ ಕೆಳಗೆ ಮಾಡಿ, ಚೆನ್ನಾಗಿ ಬೆರೆಸಿ, ಆಮೇಲೆ ತೂಗುಹಾಕಬೇಕು. ನರ್ಸಿಂಗಿನ ಮೊದಲ ವರ್ಷವೇ ಕಲಿಸುವ ಪಾಠ. ನಾನೋ, ತೂಗುತ್ತಿದ್ದ ಬಾಟಲಿಗೇ ಸೂಜಿ ಚುಚ್ಚಿ ಔಷಧ ಬಿಟ್ಟು ಪಕ್ಕದ ಹಾಸಿಗೆಗೆ ಓಡಿದೆ. ಕಲಕದ ಪಾನಕದಲ್ಲಿ ಬೆಲ್ಲ ತಳದಲ್ಲೇ ಕೂರುತ್ತದಲ್ಲ, ಹಾಗೆ ಅದಷ್ಟೂ ತಳಕ್ಕಿಳಿದು ಮೊದಲು ಅವರ ರಕ್ತನಾಳ ಸೇರಿತು. ಹತ್ತು ನಿಮಿಷದಲ್ಲಿ ಹೃದಯ ನಿಂತಿತು. ವಯಸ್ಸಾಗಿತ್ತು ಬಿಡಿ ಎಂದರು ಎಲ್ಲರೂ. ನಾನೂ ತಲೆಯಾಡಿಸಿದೆ. ನನ್ನ ಮೇಲೆ ನನಗೇ ಅಸಹ್ಯ, ಅಮ್ಮಾ.

ಈಗ ಯಾವ ಬಾಟಲಿ ಹಿಡಿದರೂ ಕೈ ನಿಲ್ಲುವುದಿಲ್ಲ, ತಿರುಗಿಸುತ್ತಲೇ ಇರುತ್ತೇನೆ. ಮಜ್ಜಿಗ ಚಿಲುಕುತುನ್ನಾವಾ ತಲ್ಲೀ ಎಂದು, ನನ್ನನ್ನು ಮಜ್ಜಿಗೆ ಕಡೆಯುವವಳನ್ನಾಗಿ ಮಾಡಿ ವಾರ್ಡಿನ ಅಜ್ಜಿಯರು ಛೇಡಿಸುತ್ತಾರೆ. ನಗುತ್ತೇನೆ. ಆರನೇ ಹಾಸಿಗೆಯಲ್ಲಿ ಯಾರು ಮಲಗಿದರೂ ನನಗೆ ಸೂರ್ಯಕಾಂತಮ್ಮನವರ ಮುಖವೇ ಕಾಣುತ್ತದೆ.

ಇದನ್ನಾದರೂ ತಡೆದುಕೊಂಡೇನು. ಅವರ ಮಗಳು ದುರ್ಗಾಂಬ ಪ್ರತಿ ಶುಕ್ರವಾರ ನನಗೆಂದು ಏನಾದರೂ ತಿಂಡಿ ಕಟ್ಟಿಕೊಂಡು ಬರುತ್ತಾಳೆ. ಕೊನೆಗಳಿಗೆಯಲ್ಲಿ ತಾನಿಲ್ಲದಿದ್ದರೂ ನಾನಿದ್ದೆನಂತೆ. ನಾನು ಅವಳ ಸ್ವಂತ ತಂಗಿಯಂತೆ. ಮದುವೆಗೆ ಅಕ್ಕನಾಗಿ ನಿಂತು ಎಲ್ಲ ನಡೆಸಿಕೊಡುತ್ತಾಳಂತೆ. ಆ ಪ್ರೀತಿಗೆ ನಾನು ಹೆದರಿಹೋಗಿದ್ದೇನೆ.

ಇವತ್ತು ಬಂದರೆ ಎಲ್ಲ ಹೇಳಿಬಿಡುತ್ತೇನೆ. ಮೇಟ್ರನ್ನರಿಗೂ ಬರೆದುಕೊಡುತ್ತೇನೆ. ಕೆಲಸ ಹೋಗಬಹುದು, ಪೊಲೀಸರು ಬರಬಹುದು, ಗಂಡಿನವರು ಬೇಡವೆನ್ನಬಹುದು. ಬೈಯಬೇಕೆನಿಸಿದರೆ ಬೈ. ಸುಮ್ಮನಿರು ಎಂದು ಮಾತ್ರ ಇನ್ನು ಹೇಳಬೇಡ.

ನಿನ್ನ
ಹೇಮಾಕ್ಷಿ

ತಾ. ಕ.: ದುರ್ಗಾಂಬ ಬಂದು ಹೋದಳು. ಹೇಳಿದೆ. ಅಮ್ಮನಿಗೆ ನೋವಾಯಿತಾ ಎಂದಷ್ಟೇ ಕೇಳಿದಳು. ಇಲ್ಲ, ನಿದ್ದೆಯಲ್ಲೇ ಹೋದರು ಎಂದೆ. ಕೈ ಉರಿಯುತ್ತಿದೆ ಎಂದು ಅವರು ನನ್ನನ್ನು ಮೂರು ಸಲ ಕರೆದಿದ್ದರು, ಅಮ್ಮಾ. ಸ್ವಲ್ಪ ಸಹಿಸಿಕೊಳ್ಳಿ ಎಂದು ನಾನು ಪಕ್ಕದ ಹಾಸಿಗೆಯಿಂದಲೇ ಗದರಿದ್ದೆ.