ಗೇಟಿನೊಳಗಿನ ಟ್ರಾನ್ಸ್‌ಫಾರ್ಮರ್

ಅಳದಂಗಡಿ
೧೨ ಫೆಬ್ರವರಿ ೧೯೮೪

ಭೋಜ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಮೂಡಬಿದಿರೆಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನೀನು ಇಲ್ಲಿರಬಹುದಿತ್ತು. ಆದರೂ ಬರೆದು ಕೇಳಿದೆ. ಎದುರು ಕುಳಿತು ಕೇಳುವ ಮಾತಲ್ಲ ಅದು ಎಂದು ನಿನಗೂ ಅನ್ನಿಸಿರಬೇಕು. ಹಾಗಾಗಿ ನಾನೂ ಬರೆದೇ ಉತ್ತರಿಸುತ್ತಿದ್ದೇನೆ.

ಟ್ರಾನ್ಸ್‌ಫಾರ್ಮರ್ ತೆಗೆಸಬೇಕೆಂದು ನೀನು ಹಾಕಿದ ಅರ್ಜಿಗೆ ಈ ಶುಕ್ರವಾರ ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ವಿಚಾರಣೆ. ನಿಮ್ಮ ಅಕ್ಕಿಮಿಲ್ಲಿನ ಅಂಗಳದಲ್ಲಿ ನಿಂತಿರುವ ಸರಕಾರಿ ಟ್ರಾನ್ಸ್‌ಫಾರ್ಮರಿಗೆ ನಿನ್ನ ತಂದೆ ಜಾಗ ಕೊಟ್ಟದ್ದು ತಾತ್ಕಾಲಿಕವಾಗಿ ಮಾತ್ರ ಎಂದು ನಾನು ಅಲ್ಲಿ ಹೇಳಬೇಕು. ಅದಾಗದಿದ್ದರೆ ನೆನಪಿಲ್ಲ ಎನ್ನಬೇಕು. "ನಮ್ಮ ಪ್ರಾಯಕ್ಕೆ ಮರೆವು ಒಂದು ಸೌಕರ್ಯ ಮಾರಾಯ" ಎಂದು ಬರೆದಿದ್ದೀ. ಓದಿ ನಕ್ಕೆ. ನಿನ್ನ ತಮಾಷೆಯೊಳಗೆ ಯಾವಾಗಲೂ ಒಂದು ಕೆಲಸ ಅಡಗಿರುತ್ತದೆ. ಶಾಲೆಯಲ್ಲೂ ನಗಿಸಿಯೇ ನನ್ನಿಂದ ಲೆಕ್ಕ ಮಾಡಿಸಿಕೊಳ್ಳುತ್ತಿದ್ದೆ.

ಹತ್ತು ವರ್ಷದ ಹಿಂದೆ ಆ ಜಾಗದ ಮಾತು ನಡೆದಾಗ ನೀನು ಮುಂಬಯಿಯ ಹೋಟೆಲಿನಲ್ಲಿದ್ದೆ. ನಿಮ್ಮ ಚಾವಡಿಯಲ್ಲಿ ಇದ್ದವರು ಮೂವರು: ನಿನ್ನ ತಂದೆ ಶಂಭು ಹೆಗ್ಡೆಯವರು, ಒಬ್ಬ ಎಂಜಿನಿಯರು, ನಾನು. ಅವರಿಬ್ಬರೂ ಈಗ ಇಲ್ಲ. ಆದ್ದರಿಂದ ಅಲ್ಲಿ ಏನಾಯಿತೋ ಅದನ್ನು ಕಚೇರಿಯವರಿಗಿಂತ ಮೊದಲು ನಿನಗೆ ಹೇಳಬೇಕು.

ಅದಕ್ಕೂ ಮುಂಚಿನ ಕಾಲ ನಿನಗೆ ಗೊತ್ತು. ಮಿಲ್ಲಿನ ಡೀಸೆಲ್ ಎಂಜಿನಿಗೆ ಡೈನಮೋ ಕೂಡಿಸಿ, ಅಡಕೆ ಮರದ ಕಂಬಗಳ ಮೇಲೆ ತಂತಿ ಎಳೆದು, ನಿನ್ನ ತಂದೆ ಪೇಟೆಗೆ ದೀಪ ಕೊಟ್ಟರು. ಮನೆಗೊಂದು ಬಲ್ಬು. ಮುಸ್ಸಂಜೆಯಿಂದ ಎಂಟೂವರೆಯವರೆಗೆ. ನಿಲ್ಲಿಸುವ ಮೊದಲು ಎಂಜಿನಿನ ವೇಗ ಒಮ್ಮೆ ತಗ್ಗಿಸುತ್ತಿದ್ದರು, ಬಲ್ಬು ಕೆಂಪಗಾಗುತ್ತಿತ್ತು. ಬಡಿಸಿದ್ದನ್ನು ಬೇಗ ಉಣ್ಣಿರಿ ಎಂದು ಅದರ ಅರ್ಥ. ಸರಕಾರಕ್ಕೆ ಈ ಊರಿನ ಹೆಸರೇ ಗೊತ್ತಿಲ್ಲದ ಕಾಲದಲ್ಲಿ ಅವರು ಮಾಡಿದ ಕೆಲಸ ಅದು. ನನ್ನ ವಿದ್ಯಾರ್ಥಿಗಳ ಪರೀಕ್ಷೆಯ ತಿಂಗಳು ಬಂದರೆ ಕೇಳದೆಯೇ ಒಂದು ಗಂಟೆ ಹೆಚ್ಚು ಓಡಿಸುತ್ತಿದ್ದರು. ಇದನ್ನೂ ಕಚೇರಿಯಲ್ಲಿ ಹೇಳುತ್ತೇನೆ, ಕೇಳದಿದ್ದರೂ.

ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ಮಸೀದಿಯ ಓಣಿಯ ಝೈನಬ್ ಹೊಲಿಗೆ ಮಿಶನ್ ಇಟ್ಟಿದ್ದಳಲ್ಲ, ಅವಳು ಒಂದು ವರ್ಷ ಭತ್ತವನ್ನು ನಿಮ್ಮ ಮಿಲ್ಲಿಗೆ ತರದೆ ಗುರುವಾಯನಕೆರೆಗೆ ಕೊಂಡುಹೋದಳು. ಅವಳ ತವರು ಅಲ್ಲೇ ಇತ್ತು, ಅಷ್ಟೆ. ಮರುದಿನ ಸಂಜೆ ಓಣಿಯಲ್ಲಿ ಎಲ್ಲ ಬಲ್ಬುಗಳೂ ಹೊತ್ತಿದವು, ಅವಳದೊಂದು ಬಿಟ್ಟು. ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೆಗ್ಡೆಯವರ ಹತ್ತಿರ ಮಾತಾಡಲೇ ಎಂದು ಅವಳನ್ನು ಕೇಳಿದ್ದಕ್ಕೆ, ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತದೆ ಹೇಳಿದಳು: "ಬೇಡ ಮಾಸ್ಟ್ರೇ. ಅವರ ಎಂಜಿನು, ಅವರ ಬೆಳಕು. ಭತ್ತ ಮಾತ್ರ ನನ್ನದು."

ಮಳೆಗಾಲ ಮುಗಿಯುವಾಗ ಅವಳ ಬಲ್ಬು ತಾನಾಗಿಯೇ ಮತ್ತೆ ಹೊತ್ತಿತು. ನಿನ್ನ ತಂದೆ ಕೆಟ್ಟವರಾಗಿರಲಿಲ್ಲ. ಆರಿಸಿದಾಗಲೂ ಹೊತ್ತಿಸಿದಾಗಲೂ ಅವಳನ್ನು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ, ಅಷ್ಟೇ. ನನಗೆ ಆರಿಸಿದ್ದಕ್ಕಿಂತ ಹೊತ್ತಿಸಿದ್ದೇ ಹೆಚ್ಚು ಕಾಲ ಕಾಡಿತು. ಯಾಕೆಂದು ಈ ವಯಸ್ಸಿನಲ್ಲಿ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ.

ಎಪ್ಪತ್ತನಾಲ್ಕರಲ್ಲಿ ಸರಕಾರಿ ಲೈನು ಬಂತು. ಟ್ರಾನ್ಸ್‌ಫಾರ್ಮರ್ ನಿಲ್ಲಿಸಲು ಪೇಟೆಯ ನಡುವೆ ಯಾರೂ ಜಾಗ ಕೊಡಲಿಲ್ಲ. ಪಂಚಾಯತಿನವರು ನನ್ನನ್ನು ಎಂಜಿನಿಯರರ ಜೊತೆ ನಿಮ್ಮ ಮನೆಗೆ ಕಳಿಸಿದರು. ನಿನ್ನ ತಾಯಿ ಪ್ರೇಮಾವತಿಯಮ್ಮ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ಕುಡಿದು ವಿಷಯ ಹೇಳಿದೆ. ನಿನ್ನ ತಂದೆ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟರು. ಆಮೇಲೆ, "ನನ್ನ ಎಂಜಿನಿನ ಹೊಟ್ಟೆಗೆ ಹೊಡೆಯಲಿಕ್ಕೆ ಬಂದದ್ದು ಬೇರೆಯವರ ಅಂಗಳದಲ್ಲಿ ಯಾಕೆ ನಿಲ್ಲಬೇಕು ಮಾಸ್ಟ್ರೇ, ನನ್ನ ಕಣ್ಣೆದುರೇ ನಿಲ್ಲಲಿ. ಮಿಲ್ಲಿನ ಮೂಲೆ ಉಂಟಲ್ಲ, ಅದನ್ನು ಬಿಟ್ಟಿದ್ದೇನೆ," ಎಂದರು. ಎಷ್ಟು ಕಾಲಕ್ಕೆ ಎಂದು ಎಂಜಿನಿಯರು ಕೇಳಿದರು. "ಬಿಟ್ಟಿದ್ದೇನೆ ಅಂದೆನಲ್ಲ. ಎರಡೆರಡು ಸಲ ಬಿಡಲಿಕ್ಕೆ ಆಗ್ತದಾ?"

ಒಪ್ಪಿಗೆಯ ಕಾಗದ ನನ್ನ ಕಿಸೆಯಲ್ಲೇ ಇತ್ತು. ಎಂಜಿನಿಯರು ಎರಡು ಸಲ ನನ್ನ ಮುಖ ನೋಡಿದರು. ನಾನು ತೆಗೆಯಲಿಲ್ಲ. ಒಬ್ಬ ಯಜಮಾನನ ಮನೆಯ ಬೆಲ್ಲ ನೀರು ಕುಡಿದು, ಅವನು ಬಾಯಿಬಿಟ್ಟು ಕೊಟ್ಟ ಮೇಲೆ ಸಹಿ ಹಾಕಿ ಎನ್ನುವುದು ಅವನನ್ನು ನಂಬುವುದಿಲ್ಲ ಎಂದಂತೆ. ಹಾಗೆಂದು ನಮಗೆ ಯಾರೂ ಕಲಿಸಿದ್ದಲ್ಲ, ಇಲ್ಲಿ ಹುಟ್ಟಿದವರಿಗೆ ಅದು ಗೊತ್ತಿರುತ್ತದೆ. ನಾನು ನಿನ್ನ ತಂದೆಯ ಮರ್ಯಾದೆ ಕಾಪಾಡಿದೆ. ಊರಿನ ಸೊತ್ತನ್ನು ಊರಿನದೆಂದು ಬರೆಸುವುದನ್ನು ಬಿಟ್ಟೆ. ಅದು ನನ್ನ ತಪ್ಪು. ಶುಕ್ರವಾರ ಇದನ್ನೂ ಹೇಳುತ್ತೇನೆ. ಜನ ನಗಬಹುದು. ನಗಲಿ.

ಅನಂತರ ಲೈನ್‌ಮನ್ ಹುಕ್ರಪ್ಪ ಫ್ಯೂಸು ಹಾಕಬೇಕಾದಾಗಲೆಲ್ಲ ನಿಮ್ಮ ಚಾವಡಿಯ ಕೆಳಗೆ ನಿಂತು, "ಹೆಗ್ಡೇರೇ, ಹಾಕಲಾ?" ಎಂದು ಕೇಳುತ್ತಿದ್ದ. ಒಳಗಿನಿಂದ ನಿನ್ನ ತಂದೆ, "ಹಾಕು ಮಾರಾಯ, ನಿನ್ನ ಸರಕಾರ ಕತ್ತಲೆಯಲ್ಲಿ ಕೂತಿದೆ," ಎನ್ನುತ್ತಿದ್ದರು. ಅವರಿದ್ದಷ್ಟು ದಿನ ಗೇಟಿಗೆ ಬೀಗ ಬೀಳಲಿಲ್ಲ.

ಅವರು ಹೋದ ಮೇಲೆ ಮುಂಬಯಿ ಬಿಟ್ಟು ನೀನು ಬಂದೆ, ಮಿಲ್ಲು ರಿಪೇರಿ ಮಾಡಿಸಿದೆ, ದೊಡ್ಡ ಜನರೇಟರ್ ತಂದೆ, ಗೇಟಿಗೆ ಬೀಗ ಹಾಕಿ ಕೀಲಿಕೈಯನ್ನು ಮೂಡಬಿದಿರೆಯ ನಿನ್ನ ಮನೆಗೆ ಕೊಂಡುಹೋದೆ. ಡಿಸೆಂಬರಿನಲ್ಲಿ ಫ್ಯೂಸು ಹೋದಾಗ ಹುಕ್ರಪ್ಪ ಎರಡು ದಿನ ಗೇಟಿನ ಹೊರಗೆ ಏಣಿ ಹಿಡಿದು ನಿಂತ. ಎರಡನೆಯ ಸಂಜೆಗೆ ಆರು ಅಂಗಡಿಗಳು ನಿನ್ನ ತಂತಿ ಎಳೆಸಿಕೊಂಡವು. ನಿನ್ನ ಕರೆಂಟು ಒಳ್ಳೆಯದು, ಒಪ್ಪುತ್ತೇನೆ. ಸರಕಾರದ್ದು ಊಟದ ಹೊತ್ತಿಗೇ ಹೋಗುತ್ತದೆ, ಇದ್ದಾಗಲೂ ಮಂಕು. ನೀನು ಜನರೇಟರ್ ಓಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಬೇಕಾದವರು ತೆಗೆದುಕೊಳ್ಳಲಿ. ಆದರೆ ಆ ಮೂಲೆ ಖಾಲಿಯಾದರೆ, ಹೊಸ ಜಾಗ ಸಿಗುವವರೆಗೆ ಪೇಟೆಗೂ ಹೆರಿಗೆ ಆಸ್ಪತ್ರೆಗೂ ನೀನೊಬ್ಬನೇ ಗತಿ. ಆಗ ತೆಗೆದುಕೊಳ್ಳುವವರು ಬೇಕಾದವರಲ್ಲ, ಬೇರೆ ದಾರಿಯಿಲ್ಲದವರು.

ಮೊನ್ನೆ ಕರೆಂಟು ಹೋಗಿತ್ತು. ಝೈನಬ್ ಓಣಿಯ ಬಾಯಲ್ಲಿ ಹುಕ್ರಪ್ಪನ ಸೈಕಲಿಗೆ ಅಡ್ಡ ನಿಂತಿದ್ದಳು. "ಎಂತ ಹುಕ್ರಪ್ಪಣ್ಣ, ನಿನ್ನ ಸರಕಾರಕ್ಕೆ ಜ್ವರವಾ? ಮದುವೆಯ ಬಟ್ಟೆ ಕೊಡಲಿಕ್ಕುಂಟು ನನಗೆ. ಕಂಬ ಹತ್ತುತ್ತೀಯಾ, ನಾನೇ ಹತ್ತಲಾ?" ಹುಕ್ರಪ್ಪ, "ಹತ್ತುತ್ತೇನೆ ಮಾರಾಯ್ತಿ, ಸೈಕಲ್ ಬಿಡು," ಎನ್ನುತ್ತಿದ್ದ. ನಾನು ಅಲ್ಲೇ ನಿಂತುಬಿಟ್ಟೆ. ನಿನ್ನ ತಂದೆಯ ಬಲ್ಬು ಆರಿದಾಗ ತಲೆ ಎತ್ತದೆ ಮಾತಾಡಿದ ಹೆಂಗಸು ಇವಳೇ. ನೀನು ಕೊಡುವ ಬೆಳಕು ಎಷ್ಟೇ ಪ್ರಖರವಾಗಿರಲಿ, ಅದು ಹೋದರೆ ಅವಳು ನಿನ್ನ ದಾರಿಗೆ ಅಡ್ಡ ನಿಲ್ಲಲಾರಳು. ಬಯ್ಯುವ ಹಕ್ಕು ಇರುವುದು ತನ್ನದಾದ ವಸ್ತುವಿನ ಮೇಲೆ ಮಾತ್ರ. ಇದು ವಾದವಲ್ಲ ಭೋಜ, ನಾನು ಕಣ್ಣಾರೆ ಕಂಡದ್ದು.

ಕಳೆದ ವಾರ ನಿನ್ನ ಆಳುಗಳು ನನ್ನ ಮನೆಯ ಹಂಚಿನ ಮಾಡಿಗೂ ಒಂದು ತಂತಿ ತಂದು ಕಟ್ಟಿದರು. ಕೇಳಿದರೆ, "ಮಾಸ್ಟ್ರಿಗೆ ಫ್ರೀ ಅಂತ ಹೇಳಿದ್ದಾರೆ" ಎಂದರು. ನೀನು ಪ್ರೀತಿಯಿಂದಲೇ ಕಟ್ಟಿಸಿದ್ದು ಎಂದು ನಂಬಿದ್ದೇನೆ. ನನ್ನ ಹೆಂಡತಿ ತುಂಗಾ ಅದನ್ನು ಬಿಚ್ಚಿಸಿ, ಸುರುಳಿ ಸುತ್ತಿ, ಬಸ್ಸಿನಲ್ಲಿ ನಿನಗೆ ಕಳಿಸುತ್ತಿದ್ದಾಳೆ. ಸಿಟ್ಟಿನಿಂದಲ್ಲ.

ಶುಕ್ರವಾರ ಹನ್ನೊಂದಕ್ಕೆ ನನ್ನ ಹೆಸರು ಕರೆಯುತ್ತಾರಂತೆ. ನಿನ್ನ ತಂದೆ ಆ ಮೂಲೆಯನ್ನು ಊರಿಗೆ ಬಿಟ್ಟುಕೊಟ್ಟರು, ಕಾಲದ ಮಿತಿ ಹಾಕಲಿಲ್ಲ ಎಂದು ಹೇಳುತ್ತೇನೆ. ಮೂವತ್ತೈದು ವರ್ಷದ ಸ್ನೇಹ ಇದರಿಂದ ಹೋಗಬಹುದು ಎಂದು ತಿಳಿದೇ ಹೇಳುತ್ತೇನೆ. ಇನ್ನೊಂದು ದಾರಿ ಉಂಟು. ಅದು ನಿನ್ನ ಕೈಯಲ್ಲಿ. ಹತ್ತೂವರೆಗೆ ನಾನು ಕಚೇರಿಯ ಹೊರಗಿನ ಹೋಟೆಲಿನಲ್ಲಿರುತ್ತೇನೆ. ಅರ್ಜಿ ಹಿಂದೆಗೆಯುವ ಮನಸ್ಸಾದರೆ ಅಲ್ಲಿಗೆ ಬಾ. ಈ ಸಲ ಒಪ್ಪಿಗೆಯ ಕಾಗದವನ್ನು ಕಿಸೆಯಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟಿರುತ್ತೇನೆ, ಪೆನ್ನಿನ ಮುಚ್ಚಳವನ್ನೂ ತೆರೆದು.

ನೀನು ಬಾರದಿದ್ದರೂ ನಿನ್ನ ಮಿಲ್ಲು ಚೆನ್ನಾಗಿ ಓಡಲಿ, ಮನೆಯಲ್ಲಿ ಎಲ್ಲರೂ ಸುಖವಾಗಿರಲಿ ಎಂದು ಹಾರೈಸುವ,

ನಿನ್ನ
ತಿರುಮಲೇಶ್ವರ