ಮಸ್ಕಿಯ ಬೇವಿನ ಗಿಡ

ಭಾನುವಾರ, 16 ಫೆಬ್ರುವರಿ 2025

ನನಗೆ ಯಾವ ಹರಕೆಯೂ ಇಲ್ಲ. ಶ್ರೀಶೈಲಕ್ಕೆ ನಡೆದು ಬರುವ ಹರಕೆ ಇದೆ ಎಂದು ಅವ್ವನಿಗೆ ಹೇಳಿದ್ದೆ. ಇಲ್ಲದಿದ್ದರೆ ಶಾಲೆ ಬಿಟ್ಟ ಮಗಳನ್ನು ಹೊಲಿಗೆ ಅಂಗಡಿಯಾಚೆ ಯಾರು ಕಳಿಸುತ್ತಿದ್ದರು? ನಡೆಯುವಾಗ ಜೀವ ಹಗುರಾಗುತ್ತದೆ, ಅಷ್ಟೇ. ಇದು ನನ್ನ ಜೊತೆ ನಡೆಯುವ ಗೆಳತಿ ವಿಜಯಶ್ರೀ ಒಬ್ಬಳಿಗೆ ಗೊತ್ತಿತ್ತು.

ಸೋಮವಾರ ಅಂಗಡಿಗೆ ರಜೆ. ವಾರಕ್ಕಿಷ್ಟು ಎಂದು ಲಿಂಗಸುಗೂರಿನಿಂದ ಮಸ್ಕಿಯವರೆಗೆ ಇಬ್ಬರೂ ನಡೆದಿದ್ದೆವು. ನಿಂತಲ್ಲಿ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುವುದು, ಮುಂದಿನ ವಾರ ಬಸ್ಸಿನಲ್ಲಿ ಅಲ್ಲಿಗೇ ಹೋಗಿ, ಬಿಚ್ಚಿಕೊಂಡು ಮುಂದೆ ನಡೆಯುವುದು. ಹೋದ ವಾರ ಅವ್ವನಿಗೆ ಜ್ವರ ಬಂತು. ನಾನು ಬರುವವರೆಗೆ ಕಾಯುತ್ತೇನೆ ಎಂದು ವಿಜಯಶ್ರೀ ಹೇಳಿದ್ದಳು.

ಇವತ್ತು ಸಿಂಧನೂರಿನಿಂದ ಫೋನು ಮಾಡಿದಳು. ತನ್ನ ಅತ್ತಿಗೆಯ ಜೊತೆ ನಡೆದುಬಿಟ್ಟಿದ್ದಾಳೆ. ಮಸ್ಕಿಯ ಬೇವಿನ ಗಿಡಕ್ಕೆ ಕಟ್ಟಿದ್ದ ನಮ್ಮ ಬಟ್ಟೆಯನ್ನೂ ಬಿಚ್ಚಿಕೊಂಡು ಹೋಗಿದ್ದಾಳೆ.

"ನೀ ಬಸ್ಸಿಗೆ ಬಂದು ಇಲ್ಲೇ ಕೂಡ್ಕೊ ಬೇ. ಶ್ರೀಶೈಲ ಮಲ್ಲಯ್ಯ ಏನ್ ಟಿಕೆಟ್ ಕೇಳ್ತಾನೇನು? ಹೆಂಗೂ ನಿಂದು ಸುಳ್ಳ ಹರಕಿ."

ಪಕ್ಕದಲ್ಲಿ ಅತ್ತಿಗೆ ನಕ್ಕದ್ದು ಕೇಳಿಸಿತು. ಅಂದರೆ ಅದನ್ನೂ ಹೇಳಿಬಿಟ್ಟಿದ್ದಾಳೆ.

ಬೇರೆಯವರ ಬಾಯಿಂದ ಕೇಳುವ ಮೊದಲು ಅವ್ವನಿಗೆ ನಾನೇ ಹೇಳಿದೆ.

"ಹರಕಿ ಇಲ್ಲಂದ್ರ ಮತ್ಯಾಕ ನಡ್ಯಾಕತ್ತೀದಿ?"

"ನಡೀಬೇಕು ಅನಸ್ತದವ್ವ."

ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಬಟ್ಟೆ ಇಲ್ಲದಿದ್ದರೂ ಆ ಬೇವಿನ ಗಿಡ ನನಗೆ ಗೊತ್ತು. ನಾಳೆ ಮೊದಲ ಬಸ್ಸಿಗೆ ಮಸ್ಕಿಗೆ ಒಬ್ಬಳೇ ಹೊರಡುತ್ತೇನೆ.